ಇರುವ ಮನೆಗೆ ಕೋಣೆ ಸೇರಿಸುವಾಗ: ಆರ್ಕಿಟೆಕ್ಟ್ ಜೊತೆ ಕೂತು ವಿವರವಾದ ಪ್ಲಾನ್ ಮಾಡಿಸುವುದು ಹೇಗೆ?

"ಆರ್ಕಿಟೆಕ್ಟ್ ಪ್ಲಾನ್ ಕಳಿಸಿದ್ದಾರೆ, ನೋಡೋಕೆ ಚೆನ್ನಾಗಿದೆ, ಒಪ್ಪಿಕೊಳ್ಳಬಹುದಾ?" ಓದುಗರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, "ಮೊದಲ ಸಲ ಹೋದಾಗ ಏನು ಹೇಳಬೇಕು?" ಎರಡಕ್ಕೂ ಒಂದು ಸಾಲಿನ ಉತ್ತರವಿಲ್ಲ. ಅದಕ್ಕೇ ಮೊದಲ ಭೇಟಿಯಿಂದ ಹಿಡಿದು ಕೆಲಸ ಶುರುವಾಗುವ ತನಕ ಒಂದೊಂದೇ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಸ್ತರಣೆಯಲ್ಲಿ ಹೊಸ ಕೋಣೆ ಕಟ್ಟುವುದು ಕಷ್ಟವಲ್ಲ. ಹಳೆಯದೂ ಹೊಸದೂ ಕೂಡುವ ಕಡೆ ಇದೆಯಲ್ಲ, ಕಷ್ಟ ಇರುವುದು ಅಲ್ಲಿ. ಬಿರುಕು ಬಿಡುವುದು ಅಲ್ಲಿ, ನೀರು ಇಳಿಯುವುದು ಅಲ್ಲಿ, ಕಾಲು ಎಡವುವುದು ಅಲ್ಲಿ. ಕತ್ತಲಾಗುವುದೂ ಅದರ ಪಕ್ಕದ ಕೋಣೆಯೇ. ಇದನ್ನು 'ಕೂಡುವ ಜಾಗ' ಎಂದು ಕರೆಯೋಣ. ಯಾವುದೇ ಡ್ರಾಯಿಂಗ್ ಕೈಗೆ ಬರಲಿ, ಮೊದಲು ಆ ಜಾಗಕ್ಕೆ ಬೆರಳಿಟ್ಟು ನೋಡಿ.

1. ಹೋಗುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸ

ಪ್ಲಾನ್ ಗೀಚಿಕೊಂಡು ಹೋಗಬೇಡಿ. ಮನೆಯಲ್ಲಿರುವ ತೊಂದರೆಗಳನ್ನು ಬರೆದುಕೊಂಡು ಹೋಗಿ. "ಹಿಂದುಗಡೆ ಹನ್ನೆರಡಕ್ಕೆ ಹದಿನಾಲ್ಕು ಅಡಿಯ ರೂಮ್ ಬೇಕು" ಅಂದರೆ ಅಷ್ಟನ್ನೇ ಬರೆದುಕೊಡುತ್ತಾರೆ. ಅದರ ಬದಲು "ನಾವಿಬ್ಬರೂ ಒಂದೇ ಮೇಜಿನಲ್ಲಿ ಕೆಲಸ ಮಾಡುತ್ತೇವೆ, ಒಬ್ಬರಿಗೆ ಫೋನ್ ಬಂದರೆ ಇನ್ನೊಬ್ಬರು ಎದ್ದು ಅಡುಗೆಮನೆಗೆ ಹೋಗಬೇಕು" ಎಂದು ಹೇಳಿ ನೋಡಿ. ಎಷ್ಟೋ ಸಲ ಒಂದು ಬಾಗಿಲನ್ನು ಬೇರೆ ಕಡೆ ಇಟ್ಟರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಕಟ್ಟಬೇಕಾದ ಜಾಗವೂ ಕಡಿಮೆಯಾಗುತ್ತದೆ.

ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. ಯಾವ ಹೊತ್ತಿಗೆ ಯಾರು ಎಲ್ಲಿರುತ್ತಾರೆ, ಬಿಸಿಲು ಯಾವ ಕಿಟಕಿಯಿಂದ ಎಷ್ಟು ಗಂಟೆಗೆ ಬರುತ್ತದೆ, ಯಾವ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ, ಇವನ್ನೆಲ್ಲ ಬರೆಯಿರಿ. ಹೊಸ ಕೋಣೆಗೆ ಹೋಗಲಿರುವ ಮಂಚ, ಬೀರು, ಮೇಜಿನ ಅಳತೆ ತೆಗೆದುಕೊಳ್ಳಿ. ಮನೆಯ ಹಳೆಯ ಪ್ಲಾನ್, ಕಟ್ಟುವಾಗ ತೆಗೆದ ಫೋಟೋ, ಹಿಂದೆ ಮಾಡಿಸಿದ ರಿಪೇರಿಯ ಲೆಕ್ಕ, ಏನಿದ್ದರೂ ಒಂದು ಫೈಲಿಗೆ ಹಾಕಿ. ಪಾಯ ತೋಡುವಾಗ ತೆಗೆದ ಒಂದು ಮಸುಕು ಫೋಟೋ ಸಿಕ್ಕಿದರೂ ಇಂಜಿನಿಯರ್ ಖುಷಿಪಡುತ್ತಾರೆ.

ಇನ್ನು ದುಡ್ಡಿನ ವಿಷಯ. "ಮೊದಲು ಅವರೇ ಹೇಳಲಿ" ಎಂದು ಬಜೆಟ್ ಮುಚ್ಚಿಡುವವರು ಬಹಳ ಜನ. ಹಾಗೆ ಮಾಡಿದರೆ ನಿಮ್ಮ ಕೈಗೆ ಎಟುಕದ ಪ್ಲಾನ್ ಬರುತ್ತದೆ, ಅದನ್ನು ಕತ್ತರಿಸಿ ಕತ್ತರಿಸಿ ಕೊನೆಗೆ ಯಾರಿಗೂ ಇಷ್ಟವಾಗದ್ದು ಉಳಿಯುತ್ತದೆ. ನಿಜವಾದ ಮೊತ್ತ ಹೇಳಿ. ಆದರೆ ಅದರಲ್ಲಿ 10ರಿಂದ 15 ಶೇಕಡಾ ಬದಿಗಿಟ್ಟು, ಉಳಿದದ್ದಕ್ಕೆ ಪ್ಲಾನ್ ಮಾಡಲು ಹೇಳಿ. ಹಳೆಯ ಗೋಡೆ ಒಡೆದಾಗ ಒಳಗೆ ಏನು ಸಿಗುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

2. ಏನೇನು ಕೊಡುತ್ತಾರೆ ಎಂದು ಬರಹದಲ್ಲಿ ಮಾಡಿಕೊಳ್ಳಿ

ಜಗಳ ಶುರುವಾಗುವುದು 'ಪ್ಲಾನ್' ಎಂಬ ಒಂದೇ ಪದದಿಂದ. ಅದಕ್ಕೆ ಎರಡು ಅರ್ಥ ಇದೆ. ಒಂದು, ಸ್ಥಳೀಯ ಆಡಳಿತದಿಂದ ಅನುಮತಿ ಪಡೆಯಲು ಕೊಡುವ ಪ್ಲಾನ್. ಮನೆಯ ಅಳತೆ, ಎತ್ತರ, ಗಡಿಯಿಂದ ಬಿಟ್ಟ ಜಾಗ ಅದರಲ್ಲಿ ಇರುತ್ತದೆ. ಇನ್ನೊಂದು ವರ್ಕಿಂಗ್ ಡ್ರಾಯಿಂಗ್, ಅಂದರೆ ಸೈಟಿನಲ್ಲಿ ಮೇಸ್ತ್ರಿ ಕೈಯಲ್ಲಿ ಹಿಡಿದು ಕಟ್ಟುವ ಡ್ರಾಯಿಂಗ್. ಮೊದಲನೆಯದರಲ್ಲಿ ಮೂರು ನಾಲ್ಕು ಹಾಳೆ ಇದ್ದರೆ ಎರಡನೆಯದರಲ್ಲಿ ಹದಿನೈದು ಇಪ್ಪತ್ತು ಇರಬಹುದು. ಅನುಮತಿಯ ಪ್ಲಾನ್ ಹಿಡಿದುಕೊಂಡೇ ಕೆಲಸ ಶುರು ಮಾಡಿದರೆ ಉಳಿದ ತೀರ್ಮಾನಗಳೆಲ್ಲ ಸೈಟಿನಲ್ಲಿ, ಸಿಮೆಂಟ್ ಕಲಸಿಟ್ಟ ಮೇಲೆ, ಅವಸರದಲ್ಲಿ ಆಗುತ್ತವೆ. ಹಾಗಾಗಿ "ನಮಗೆ ವರ್ಕಿಂಗ್ ಡ್ರಾಯಿಂಗ್ ಪೂರ್ತಿ ಬೇಕು" ಎಂದು ಮೊದಲ ದಿನವೇ ಹೇಳಿ.

ಒಪ್ಪಂದದಲ್ಲಿ ಇವಿಷ್ಟು ಇರಲಿ:

- ಯಾವ ಯಾವ ಡ್ರಾಯಿಂಗ್ ಕೊಡುತ್ತಾರೆ, ಅದರ ಪಟ್ಟಿ.
- ಫೀಸು ಹೇಗೆ: ಒಟ್ಟು ಖರ್ಚಿನ ಶೇಕಡಾವಾರೋ, ಚದರ ಅಳತೆ ಲೆಕ್ಕವೋ, ಒಂದೇ ಮೊತ್ತವೋ. ಯಾವ ಹಂತ ಮುಗಿದರೆ ಎಷ್ಟು ಕೊಡಬೇಕು.
- ಎಷ್ಟು ಸಲ ಬದಲಾವಣೆ ಕೇಳಬಹುದು, ಅದಾದ ಮೇಲೆ ಎಷ್ಟು ಜಾಸ್ತಿ.
- ಸ್ಟ್ರಕ್ಚರಲ್ ಇಂಜಿನಿಯರ್ (ಪಾಯ, ಪಿಲ್ಲರ್, ಬೀಮ್ ಲೆಕ್ಕ ಮಾಡುವವರು) ಯಾರು, ಅವರ ಫೀಸು ಇದರಲ್ಲೇ ಸೇರಿದೆಯಾ.
- ಕೆಲಸ ನಡೆಯುವಾಗ ಎಷ್ಟು ಸಲ ಸೈಟಿಗೆ ಬರುತ್ತಾರೆ.

ಫೀಸು ಕಡಿಮೆ ಎಂದು ಒಬ್ಬರನ್ನು ಆರಿಸುವ ಮುಂಚೆ ಈ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಬಹಳ ಸಲ ಕಡಿಮೆ ಫೀಸಿನಲ್ಲಿ ಇಂಜಿನಿಯರೂ ಇರುವುದಿಲ್ಲ, ಸೈಟ್ ಭೇಟಿಯೂ ಇರುವುದಿಲ್ಲ.

3. ಇರುವ ಮನೆಯನ್ನು ಮತ್ತೆ ಅಳೆಯಬೇಕು

"ಹಳೇ ಪ್ಲಾನ್ ಇದೆಯಲ್ಲ, ಅದರ ಮೇಲೇ ಬರೆದುಬಿಡಿ" ಎನ್ನಬೇಡಿ. ಪ್ಲಾನಿನಲ್ಲಿದ್ದಂತೆಯೇ ಕಟ್ಟಿದ ಮನೆ ನಾನಂತೂ ನೋಡಿಲ್ಲ. ಕಾಗದದಲ್ಲಿ ಮೂಲೆಗಳೆಲ್ಲ ನೇರ, ಮನೆಯಲ್ಲಿ ಅಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು. 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆಯಾದರೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ ಸರಿಯಾಗಿ 5 ಮೀಟರ್ ಬರಬೇಕು, ಅದೂ ಎರಡೂ ಕಡೆಯಿಂದ. ಒಂದು ಕಡೆ 5.04, ಇನ್ನೊಂದು ಕಡೆ 4.96 ಬಂದರೆ ಕೋಣೆ ಸೊಟ್ಟಗಿದೆ. ಆ ಸೊಟ್ಟ ಗೋಡೆಗೆ ನೇರವಾದ ಹೊಸ ಗೋಡೆ ಸೇರಿಸಿದರೆ ನೆಲದ ಟೈಲ್ಸ್ ಗೋಡೆ ಪಕ್ಕದಲ್ಲಿ ಒಂದು ತುದಿಗೆ ಅಗಲ, ಇನ್ನೊಂದು ತುದಿಗೆ ಚೂಪು ಆಗುತ್ತದೆ. ದಿನಾ ಕಣ್ಣಿಗೆ ಚುಚ್ಚುವ ತಪ್ಪು ಅದು.

ಅಳತೆ ಅಂದರೆ ಉದ್ದಗಲ ಮಾತ್ರ ಅಲ್ಲ, ಮಟ್ಟವೂ ಬೇಕು. ಒಳಗಿನ ನೆಲ, ಹೊರಗಿನ ನೆಲ, ಮೋಲ್ಡಿನ (ಕಾಂಕ್ರೀಟ್ ಚಾವಣಿಯ) ಅಡಿಭಾಗ, ಚರಂಡಿ ಚೇಂಬರಿನ ತಳ, ಇವೆಲ್ಲ ಒಂದೇ ಗುರುತಿನಿಂದ ಎಷ್ಟೆಷ್ಟು ಮೇಲೆ, ಎಷ್ಟೆಷ್ಟು ಕೆಳಗೆ ಎಂದು ಬರೆದಿರಬೇಕು. ಹೊಸ ಕೋಣೆ ಬರುವ ಜಾಗದ ಕೆಳಗೆ ನೀರಿನ ಪೈಪು, ಚರಂಡಿ ಪೈಪು ಹೋಗಿದೆಯಾ ಎಂದೂ ನೋಡಬೇಕು.

ಇದೇ ಹಂತದಲ್ಲಿ ಹಳೆಯ ಗೋಡೆಯ ಪಕ್ಕ ಒಂದು ಸಣ್ಣ ಗುಂಡಿ ತೋಡಿಸಿ ಪಾಯ ನೋಡಲು ಹೇಳಿ. ಪಾಯ ಎಷ್ಟು ಆಳ, ಎಷ್ಟು ಅಗಲ, ಯಾವ ಮಣ್ಣಿನ ಮೇಲೆ ನಿಂತಿದೆ ಎಂದು ತಿಳಿಯದೆ ಅದರ ಪಕ್ಕ ಹೊಸ ಪಾಯ ತೋಡುವುದು ಅಪಾಯ. ಹಳೆಯದಕ್ಕಿಂತ ಆಳಕ್ಕೆ ತೋಡಿದರೆ ಹಳೆಯ ಪಾಯದ ಅಡಿಯ ಮಣ್ಣೇ ಜಾರಬಹುದು. ಮೇಲೆ ಮಹಡಿ ಏರಿಸುವ ಯೋಚನೆ ಇದ್ದರಂತೂ ಈ ಗುಂಡಿ ತೋಡದೆ ಮುಂದೆ ಹೋಗಲೇಬೇಡಿ.

4. ಮೊದಲ ಕರಡು: ಬೆಳಕು ಮತ್ತು ಓಡಾಟ

ಈಗ ಎರಡು ಮೂರು ಬಗೆಯ ಕರಡು ಬರುತ್ತದೆ. ಇಲ್ಲಿ ಟೈಲ್ಸ್ ಬಣ್ಣದ ಮಾತು ಎತ್ತಬೇಡಿ. ಎರಡೇ ಪ್ರಶ್ನೆ ಕೇಳಿ.

ಮೊದಲನೆಯದು, ಈಗ ಹೊರಗೋಡೆ ಇರುವ ಕೋಣೆಗೆ ನಾಳೆ ಬೆಳಕು ಎಲ್ಲಿಂದ? ಹಿಂದುಗಡೆ ಕೋಣೆ ಸೇರಿಸಿದರೆ ಈಗಿನ ಹಿಂದಿನ ಕೋಣೆ ನಡುಕೋಣೆಯಾಗುತ್ತದೆ. ಅದರ ಕಿಟಕಿ ಮುಚ್ಚಿಹೋಗುತ್ತದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಚೆನ್ನಾಗಿ ಒಳಗೆ ಬರುತ್ತದೆ ಎಂಬುದು ಒಂದು ಅಂದಾಜು ಲೆಕ್ಕ. ಮೇಲಂಚು 7 ಅಡಿಯಲ್ಲಿದ್ದರೆ 14ರಿಂದ 17 ಅಡಿ. ಹೊಸ ಕೋಣೆಯೇ 14 ಅಡಿ ಇದ್ದರೆ ನಡುಕೋಣೆಯಲ್ಲಿ ಮಧ್ಯಾಹ್ನವೂ ಲೈಟು ಹಾಕಬೇಕು. ಚಾವಣಿಯಲ್ಲಿ ಗಾಜು, ಪಕ್ಕದಲ್ಲಿ ಸಣ್ಣ ಅಂಗಳ, ಎತ್ತರದ ಕಿಟಕಿ, ಏನಾದರೂ ಒಂದು ದಾರಿ ಈಗಲೇ ಹುಡುಕಬೇಕು.

ಎರಡನೆಯದು, ಹೊಸ ಕೋಣೆಗೆ ಯಾವ ದಾರಿಯಿಂದ ಹೋಗುವುದು? ಮಲಗುವ ಕೋಣೆಯನ್ನು ಹಾದು ಹೋಗಬೇಕಾದರೆ ಆ ಕೋಣೆ ಇನ್ನು ಓಣಿ ಇದ್ದಂತೆ. ಒಂದು ಕೋಣೆ ಗಳಿಸಿ ಒಂದು ಕೋಣೆ ಕಳೆದುಕೊಂಡ ಹಾಗೆ ಅಲ್ವಾ?

ಅಳತೆ ಸಾಕಾ ಎಂದು ತಿಳಿಯಲು ಹೊರಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೋಣೆಯನ್ನು ನಿಜ ಅಳತೆಗೆ ಬರೆಯಿರಿ. ಒಳಗೆ ಮಂಚ, ಬೀರು, ಬಾಗಿಲು ತೆರೆಯುವ ಕಾಲು ವೃತ್ತ ಎಲ್ಲ ಗುರುತು ಮಾಡಿ. ಮಂಚದ ಪಕ್ಕ ನಡೆದಾಡಲು ಕನಿಷ್ಠ ಎರಡು ಅಡಿ ಉಳಿಯಬೇಕು. ಅಡುಗೆಮನೆಯಾದರೆ ಎದುರುಬದುರು ಕಟ್ಟೆಗಳ ನಡುವೆ ಮೂರೂವರೆ ನಾಲ್ಕು ಅಡಿ. ಮನೆಮಂದಿಯೆಲ್ಲ ಆ ಗೆರೆಯೊಳಗೆ ನಿಂತು ಓಡಾಡಿ. ಕಂಪ್ಯೂಟರಿನಲ್ಲಿ ಮಾಡಿದ ಬಣ್ಣದ ಚಿತ್ರಕ್ಕಿಂತ ಇದನ್ನೇ ನಾನು ನಂಬುತ್ತೇನೆ. ಆ ಚಿತ್ರಗಳಲ್ಲಿ ಕೋಣೆ ಯಾವಾಗಲೂ ದೊಡ್ಡದಾಗೇ ಕಾಣುತ್ತದೆ, ಬೀಮ್ ಒಂದೂ ಕಾಣುವುದಿಲ್ಲ.

5. ಅನುಮತಿ

ನಿಯಮ ಊರಿಂದ ಊರಿಗೆ ಬೇರೆ. ಗಡಿಯಿಂದ ಎಷ್ಟು ಬಿಡಬೇಕು, ಎಷ್ಟು ಎತ್ತರ, ಎಷ್ಟು ಜಾಗ ಮುಚ್ಚಬಹುದು ಎಂಬುದನ್ನು ಆರ್ಕಿಟೆಕ್ಟ್ ಕರಡಿನ ಹಂತದಲ್ಲೇ ವಿಚಾರಿಸಿರಬೇಕು. ಅನುಮತಿ ಬಂದ ಮೇಲೆ ಹೊರಗೋಡೆಯ ಜಾಗ ಅಥವಾ ಎತ್ತರ ಬದಲಿಸಿದರೆ ಸಾಮಾನ್ಯವಾಗಿ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಆದ್ದರಿಂದ ಅಂಥ ಆಸೆಗಳೆಲ್ಲ ಇದಕ್ಕೆ ಮುಂಚೆಯೇ ಮುಗಿಯಲಿ.

6. ವಿವರ ಡ್ರಾಯಿಂಗ್ ಓದುವುದು

ಎಲ್ಲರೂ ಇಲ್ಲಿಗೆ ಬಂದಾಗ ಸುಸ್ತಾಗಿ ಸುಮ್ನೆ ಸಹಿ ಹಾಕುತ್ತಾರೆ. ನಿಜವಾಗಿ ಕೂರಬೇಕಾದ್ದು ಈಗ.

ಮೊದಲು ಹಾಳೆಗಳ ಪರಿಚಯ. ಪ್ಲಾನ್ ಅಂದರೆ ಮನೆಯನ್ನು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದು ಮೇಲಿನಿಂದ ನೋಡಿದ ಚಿತ್ರ. ಸೆಕ್ಷನ್ ಅಂದರೆ ಮೇಲಿನಿಂದ ಕೆಳಕ್ಕೆ ಕೊಯ್ದು ಪಕ್ಕದಿಂದ ನೋಡಿದ್ದು. ಎಲಿವೇಶನ್ ಅಂದರೆ ಹೊರಗೆ ನಿಂತು ಗೋಡೆ ನೋಡಿದಂತೆ. ಡೀಟೇಲ್ ಅಂದರೆ ಒಂದು ಸಣ್ಣ ಭಾಗವನ್ನು ದೊಡ್ಡದಾಗಿ ತೋರಿಸಿದ್ದು. ವಿಸ್ತರಣೆಯಲ್ಲಿ ಎಲ್ಲಕ್ಕಿಂತ ಮುಖ್ಯ ಸೆಕ್ಷನ್. ಕೂಡುವ ಜಾಗವನ್ನು ಹಾದುಹೋಗುವ ಒಂದು ಸೆಕ್ಷನ್ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಸ್ಕೇಲ್ 1:50 ಅಂದರೆ ಕಾಗದದ 1 ಸೆಂಟಿಮೀಟರ್ ನಿಜದಲ್ಲಿ 50 ಸೆಂಟಿಮೀಟರ್. ಇಲ್ಲೊಂದು ಹಳ್ಳ ಇದೆ. ಎ3 ಹಾಳೆಗೆ ಮಾಡಿದ ಡ್ರಾಯಿಂಗನ್ನು ಅಂಗಡಿಯವರು ಎ4ಕ್ಕೆ ಹೊಂದಿಸಿ ಪ್ರಿಂಟ್ ಕೊಟ್ಟರೆ, ಮೂಲೆಯಲ್ಲಿ 1:50 ಎಂದೇ ಬರೆದಿರುತ್ತದೆ, ಆದರೆ ನಿಜವಾದ ಸ್ಕೇಲ್ ಸುಮಾರು 1:71 ಆಗಿರುತ್ತದೆ. ಸ್ಕೇಲ್ ಪಟ್ಟಿ ಇಟ್ಟು ಅಳೆದರೆ ನಿಮ್ಮ 10 ಅಡಿಯ ಕೋಣೆ 7 ಅಡಿಯಾಗಿ ಕಾಣುತ್ತದೆ. ಅದಕ್ಕೇ ಬರೆದ ಅಂಕಿಯನ್ನೇ ನಂಬಬೇಕು, ಪಟ್ಟಿ ಇಟ್ಟು ಅಳೆಯಬಾರದು. ಅಂಕಿ ಇಲ್ಲದ ಕಡೆ ಬರೆದುಕೊಡಲು ಹೇಳಿ. ಅಳತೆ ಗಿಲಾವಿಗೆ ಮುಂಚಿನದೋ, ಗಿಲಾವು ಆದ ಮೇಲಿನದೋ ಎಂದೂ ಕೇಳಿ. ಬೀರು ಅಳತೆಗೆ ಸರಿಯಾಗಿ ಕೂರಬೇಕಾದ ಕಡೆ ಒಂದು ಇಂಚೂ ಲೆಕ್ಕಕ್ಕೆ ಬರುತ್ತದೆ.

ಈಗ ಕೂಡುವ ಜಾಗಕ್ಕೆ ಬೆರಳಿಡಿ. ಕೆಳಗಿನಿಂದ ಮೇಲಕ್ಕೆ ಹೋಗೋಣ.

*ಪಾಯ.* ಹಳೆಯ ಮನೆ ಇಷ್ಟು ವರ್ಷದಲ್ಲಿ ಮಣ್ಣಿನೊಳಗೆ ಕೂರುವಷ್ಟು ಕೂತಿದೆ. ಹೊಸದು ಇನ್ನು ಮೇಲೆ ಸ್ವಲ್ಪ ಕೂರುತ್ತದೆ. ಎರಡನ್ನೂ ಹೇಗೆ ಸೇರಿಸುತ್ತಾರೆ? ಹಳೆಯ ಗೋಡೆಗೆ ಕೊರೆದು ಕಂಬಿ ಕೂರಿಸಿ ಬಿಗಿಯುತ್ತಾರಾ, ಅಥವಾ ನಡುವೆ ಸಂದು ಬಿಟ್ಟು ಮೆತ್ತನೆಯ ವಸ್ತು ತುಂಬುತ್ತಾರಾ? ಎರಡೂ ಸರಿಯಾದ ದಾರಿಗಳೇ, ಯಾವುದು ಎಂದು ಇಂಜಿನಿಯರ್ ಹೇಳಬೇಕು. ಡ್ರಾಯಿಂಗಿನಲ್ಲಿ ಎರಡು ಗೋಡೆ ಸುಮ್ನೆ ಅಂಟಿಕೊಂಡಿದ್ದರೆ ಯಾರೂ ಯೋಚನೆ ಮಾಡಿಲ್ಲ ಎಂದರ್ಥ. ಒಂದೆರಡು ವರ್ಷದಲ್ಲಿ ನೇರವಾದ ಉದ್ದನೆ ಬಿರುಕು ಬರುವುದು ಅಲ್ಲೇ.

*ನೆಲದ ಮಟ್ಟ.* ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಹಳೆಯ ನೆಲವನ್ನು ಟೈಲ್ಸ್ ಮೇಲಿಂದ ಅಳೆದಿದ್ದರು, ಹೊಸದರ ಮಟ್ಟವನ್ನು ಕಾಂಕ್ರೀಟಿಗೆ ಕೊಟ್ಟಿದ್ದರು. ಅದರ ಮೇಲೆ ಗಾರೆ, ಟೈಲ್ಸ್ ಬಂದಾಗ ಬಾಗಿಲಲ್ಲಿ ನಾಲ್ಕು ಸೆಂಟಿಮೀಟರ್ ಏರು. ಮೆಟ್ಟಿಲೆಂದು ಕಾಣುವಷ್ಟು ದೊಡ್ಡದಲ್ಲ, ಎಡವಲು ಬೇಕಾದಷ್ಟಿದೆ. ಇವತ್ತಿಗೂ ಅಲ್ಲಿ ಹಳದಿ ಟೇಪು ಅಂಟಿಸಿದ್ದೇವೆ. ಸೆಕ್ಷನ್‌ನಲ್ಲಿ 'ಮುಗಿದ ನೆಲದ ಮಟ್ಟ' ಎಂದು ಎರಡೂ ಕಡೆ ಅಂಕಿ ಬರೆದಿರಲಿ. ಮುಗಿದ ನೆಲ ಅಂದರೆ ಕೊನೆಗೆ ನೀವು ಕಾಲಿಡುವ ಮೇಲ್ಮೈ.

*ತೇವ.* ಗೋಡೆಯ ಬುಡದಲ್ಲಿ ನೆಲದ ತೇವ ಮೇಲೇರದಂತೆ ಒಂದು ಪದರ ಹಾಕಿರುತ್ತಾರೆ. ಹಳೆಯ ಪದರ ಒಂದು ಎತ್ತರದಲ್ಲಿ, ಹೊಸದು ಇನ್ನೊಂದರಲ್ಲಿ ಇದ್ದು ನಡುವೆ ಕೊಂಡಿ ಇಲ್ಲದಿದ್ದರೆ ಆ ಸಂದಿನಿಂದ ತೇವ ಹತ್ತುತ್ತದೆ. ಎರಡೂ ಎಲ್ಲಿ ಸೇರುತ್ತವೆ ಎಂದು ತೋರಿಸಲಿ.

*ಒಡೆದ ಗೋಡೆಯ ಮೇಲಿನ ಬೀಮ್.* ಹಳೆಯ ಹೊರಗೋಡೆ ತೆಗೆದು ಎರಡೂ ಕೋಣೆ ಒಂದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆ ಗೋಡೆ ಮೇಲಿನ ಭಾರ ಹೊತ್ತಿದ್ದರೆ ಅದರ ಜಾಗಕ್ಕೆ ಬೀಮ್ ಬರಬೇಕು. ಕಾಂಕ್ರೀಟ್ ಬೀಮ್ ಆದರೆ ತೆರವಿನ ಅಗಲದ ಹತ್ತನೇ ಅಥವಾ ಹನ್ನೆರಡನೇ ಒಂದು ಪಾಲಿನಷ್ಟು ದಪ್ಪ ಎಂಬುದು ಒರಟು ಲೆಕ್ಕ. 4 ಮೀಟರ್ ತೆರವಿಗೆ 33ರಿಂದ 40 ಸೆಂಟಿಮೀಟರ್. ಅಷ್ಟು ಕೆಳಗೆ ಇಳಿದುಬರುತ್ತದೆ, ಅದನ್ನು ನೋಡಿ ಆಮೇಲೆ ಬೇಜಾರಾಗಬೇಡಿ. ಬೀಮ್ ಕೂರುವ ಎರಡು ತುದಿಗೆ ಈಗ ಜಾಸ್ತಿ ಭಾರ ಬೀಳುತ್ತದೆ. ಅದರ ಅಡಿಯ ಹಳೆಯ ಪಾಯ ತಡೆಯುತ್ತದಾ ಎಂದೂ ಕೇಳಿ. ಭಾರ ಹೊತ್ತ ಗೋಡೆಯೋ ಅಲ್ಲವೋ ಎಂಬುದನ್ನು ತಟ್ಟಿ ನೋಡಿ ಹೇಳುವವರ ಮಾತು ಕೇಳಬೇಡಿ.

*ಚಾವಣಿ.* ಹೊಸ ಚಾವಣಿ ಹಳೆಯ ಗೋಡೆಗೆ ತಾಗುವ ಕಡೆ ಮಳೆನೀರು ಒಳಗಿಳಿಯಲು ಕಾಯುತ್ತಿರುತ್ತದೆ. ನೀರು ತಡೆಯುವ ಪದರ ಅಲ್ಲಿಗೇ ನಿಲ್ಲಬಾರದು. ಗೋಡೆಯ ಮೇಲೆ ಕನಿಷ್ಠ 15 ಸೆಂಟಿಮೀಟರ್ ಹತ್ತಿ, ಗೋಡೆಯಲ್ಲಿ ಕೊರೆದ ಸಣ್ಣ ತೋಡಿನೊಳಗೆ ಅದರ ಅಂಚು ಸೇರಬೇಕು. ನೀರಿನ ಇಳಿಜಾರು ಹಳೆಯ ಗೋಡೆಯಿಂದ ದೂರಕ್ಕಿರಬೇಕು, ಗೋಡೆಯ ಕಡೆಗಲ್ಲ. ಈ ಒಂದು ಡೀಟೇಲ್ 1:5 ಅಥವಾ 1:10ರಲ್ಲಿ ಬರೆದುಕೊಡಲು ಹೇಳಿ.

*ಚರಂಡಿ.* ಹೊಸದರಲ್ಲಿ ಟಾಯ್ಲೆಟ್ ಇದ್ದರೆ ಇದು ಮುಖ್ಯ. 100 ಮಿಲಿಮೀಟರ್ ಪೈಪಿಗೆ 1:40 ಇಳಿಜಾರು ಕೊಟ್ಟರೆ 8 ಮೀಟರ್ ದೂರಕ್ಕೆ 20 ಸೆಂಟಿಮೀಟರ್ ಇಳಿಯಬೇಕು. ಚೇಂಬರ್ ಅಷ್ಟು ಆಳ ಇದೆಯಾ? ಇಲ್ಲದಿದ್ದರೆ ಟಾಯ್ಲೆಟ್ಟಿನ ನೆಲ ಏರಿಸಬೇಕು ಅಥವಾ ಜಾಗ ಬದಲಿಸಬೇಕು. ಮೂರನೇ ಹಂತದಲ್ಲಿ ಮಟ್ಟ ಅಳೆದದ್ದು ಇದಕ್ಕೇ.

ಮೇಲೆ ಮಹಡಿ ಏರಿಸುವವರು ಮೆಟ್ಟಿಲಿನ ಲೆಕ್ಕವನ್ನೂ ನೋಡಿ. ಎರಡು ಮೆಟ್ಟಿಲೆತ್ತರ, ಒಂದು ಮೆಟ್ಟಿಲಗಲ ಸೇರಿ 60ರಿಂದ 64 ಸೆಂಟಿಮೀಟರ್ ಬಂದರೆ ಹತ್ತಲು ಹಿತ. 17ನೇ ಶತಮಾನದಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಬ್ಲೊಂಡೆಲ್ ಹೇಳಿದ ಇಂಥ ಲೆಕ್ಕವನ್ನೇ ಇಂದಿಗೂ ಬಳಸುತ್ತಾರೆ. 306 ಸೆಂಟಿಮೀಟರ್ ಹತ್ತಲು 17ರ ಎತ್ತರದ 18 ಮೆಟ್ಟಿಲು ಬೇಕು. ಕೊನೆಯ ಮೆಟ್ಟಿಲು ಮೇಲಿನ ನೆಲವೇ ಆದ್ದರಿಂದ ಅಗಲದ ಲೆಕ್ಕಕ್ಕೆ 17 ಮೆಟ್ಟಿಲು; 28ರ ಅಗಲಕ್ಕೆ ನೇರ ಮೆಟ್ಟಿಲು ಸುಮಾರು 4.8 ಮೀಟರ್ ಜಾಗ ತಿನ್ನುತ್ತದೆ. ಕರಡಿನಲ್ಲಿ ಪುಟ್ಟ ಚೌಕದಲ್ಲಿ ಮೆಟ್ಟಿಲು ಮುಗಿದಿದ್ದರೆ ಎಣಿಸಿ ನೋಡಿ.

ಕೊನೆಗೆ ವಿದ್ಯುತ್ ಡ್ರಾಯಿಂಗ್. ಕೈಯಲ್ಲಿ ಪೆನ್ನು ಹಿಡಿದು ರಾತ್ರಿ ಮನೆಗೆ ಬಂದ ಹಾಗೆ ಪ್ಲಾನ್ ಮೇಲೆ ನಡೆಯಿರಿ. ಬಾಗಿಲು ತೆರೆದೆ, ಸ್ವಿಚ್ ಎಲ್ಲಿ? ತೆರೆದ ಬಾಗಿಲಿನ ಹಿಂದೆ ಸಿಕ್ಕಿಕೊಂಡಿದೆಯಾ? ಮಲಗಿದೆ, ಎದ್ದು ಹೋಗದೆ ಲೈಟು ಆರಿಸಬಹುದಾ?

7. ಬದಲಾವಣೆ ಹೇಳುವ ರೀತಿ

ಗಂಡ ಒಂದು ಹೇಳಿ, ಹೆಂಡತಿ ಇನ್ನೊಂದು ಹೇಳಿ, ಅಪ್ಪ ಫೋನ್ ಮಾಡಿ ಮೂರನೆಯದು ಹೇಳಿದರೆ ಆರ್ಕಿಟೆಕ್ಟ್ ಯಾವುದನ್ನು ಬರೆಯಬೇಕು? ಮನೆಯಲ್ಲಿ ಕೂತು ಜಗಳ ಮುಗಿಸಿ. ಆಮೇಲೆ ಒಬ್ಬರೇ, ಒಂದೇ ಪಟ್ಟಿಯಾಗಿ, ಬರಹದಲ್ಲಿ ಕಳಿಸಿ. ಡ್ರಾಯಿಂಗ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು.

ಪ್ರತಿ ಸಲ ತಿದ್ದಿದ ಡ್ರಾಯಿಂಗಿಗೂ ಹೊಸ ಸಂಖ್ಯೆ, ತಾರೀಕು ಇರಬೇಕು. ಹೊಸದು ಬಂದ ದಿನವೇ ಹಳೆಯ ಪ್ರಿಂಟಿನ ಮೇಲೆ ದೊಡ್ಡದಾಗಿ ಅಡ್ಡಗೆರೆ ಎಳೆಯಿರಿ. ಹಳೆಯ ಹಾಳೆ ನೋಡಿಕೊಂಡು ಕಿಟಕಿ ಇಟ್ಟುಬಿಡುವುದು ಸೈಟಿನಲ್ಲಿ ತೀರಾ ಸಾಮಾನ್ಯ. ಒಂದು ಡ್ರಾಯಿಂಗ್ ಬದಲಾದರೆ ಅದಕ್ಕೆ ಸೇರಿದ ಉಳಿದವೂ ಬದಲಾಗಿವೆಯಾ ನೋಡಿ. ಕಿಟಕಿ ಸರಿಸಿದ್ದು ಪ್ಲಾನಿನಲ್ಲಿದೆ, ಎಲಿವೇಶನ್‌ನಲ್ಲಿ ಹಳೆಯ ಜಾಗದಲ್ಲೇ ಇದೆ, ಇಂಥವು ಸಿಗುತ್ತವೆ.

8. ಕಂಟ್ರಾಕ್ಟರ್ ಕೈಗೆ ಕೊಡುವ ಮುಂಚೆ

ಬಾಗಿಲು ಕಿಟಕಿಗಳ ಪಟ್ಟಿ, ಸಾಮಾನುಗಳ ಪಟ್ಟಿ, ಯಾವ ಕೆಲಸ ಎಷ್ಟು ಎಂಬ ಲೆಕ್ಕ ಮೂರೂ ಡ್ರಾಯಿಂಗ್ ಜೊತೆ ಹೋಗಬೇಕು. ಎಲ್ಲ ಕಂಟ್ರಾಕ್ಟರುಗಳಿಗೂ ಒಂದೇ ಕಟ್ಟು ಕೊಡಿ, ಇಲ್ಲದಿದ್ದರೆ ಅವರ ದರಗಳನ್ನು ಹೋಲಿಸಲಿಕ್ಕೇ ಆಗದು. 'ಒಳ್ಳೆ ಗುಣಮಟ್ಟದ ಟೈಲ್ಸ್' ಎಂದು ಬರೆದ ಸಾಲು ಕಂಡರೆ ಹೊಡೆದುಹಾಕಿ. ಅಳತೆ, ಬಗೆ, ದರದ ಮಿತಿ ಬರೆಸಿ. 'ಆಮೇಲೆ ತೀರ್ಮಾನ' ಎಂದಿರುವ ಪ್ರತಿ ಜಾಗವೂ ಮುಂದೆ ಹೆಚ್ಚುವರಿ ಬಿಲ್ಲು. ಹಳೆಯ ಗೋಡೆ ಒಡೆಯುವುದು, ಕಸ ಸಾಗಿಸುವುದು, ಒಡೆದ ಕಡೆ ಮತ್ತೆ ಗಿಲಾವು ಮಾಡುವುದು ಯಾರ ಲೆಕ್ಕದಲ್ಲಿದೆ ಎಂದು ಬಿಡಿಸಿ ಕೇಳಿ. ಕೂಡುವ ಜಾಗದ ಕೆಲಸಗಳೇ ಪಟ್ಟಿಯಿಂದ ಬಿಟ್ಟುಹೋಗುವುದು ಜಾಸ್ತಿ.

ಕೆಲಸ ಶುರುವಾದ ಮೇಲೆ ನಿಮ್ಮ ಪಾಲಿಗೆ ಒಂದು ಕೆಲಸ ಉಳಿಯುತ್ತದೆ. ಗಿಲಾವು ಆಗುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಪೈಪು ಮತ್ತು ವೈರಿನ ಪಕ್ಕ ಟೇಪು ಹಿಡಿದು, ಮೂಲೆಯಿಂದ ಎಷ್ಟು ದೂರ ಎಂದು ಕಾಣುವಂತೆ. ಆ ಫೋಟೋಗಳನ್ನು ಕೊನೆಯ ಡ್ರಾಯಿಂಗ್ ಕಟ್ಟಿನ ಜೊತೆ ಇಡಿ. ಮುಂದೆ ಯಾರಾದರೂ ಆ ಗೋಡೆಗೆ ಮೊಳೆ ಹೊಡೆಯಲು ಬಂದಾಗ ಮೊದಲು ಅದನ್ನು ತೆಗೆದು ನೋಡಬಹುದು.